ಸಿಸ್ಟರಮ್ಮನ ಬಾಣಂತಿ ಕುರ್ಚಿ

ಬಸುರಿ ಹೆಂಗಸು ಎದುರಿಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೊಟ್ಟೆಯ ಕಡೆ ಹೋಗುತ್ತದೆ. ನಮ್ಮ ಸಿಸ್ಟರಮ್ಮನ ಕಣ್ಣು ಮೊಣಕಾಲಿನ ಕಡೆ ಹೋಗುತ್ತಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡಿರಲಿ, ಸಂತೆಯಿರಲಿ, ಮದುವೆ ಮನೆಯ ಊಟದ ಸಾಲಿರಲಿ, ಪರಿಚಯದ ಹುಡುಗಿ ಸಿಕ್ಕಿದರೆ ಚೀಲದಿಂದ ಟೇಪು ತೆಗೆದು, "ಒಂಚೂರು ನೆಟ್ಟಗೆ ನಿಂತ್ಕೊಳ್ಳವ್ವ" ಎಂದು ಹಿಮ್ಮಡಿಯಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಅಳೆದುಬಿಡುವರು. ಹುಡುಗಿ ನಾಚಿ ಕೆಂಪಾಗುವಳು. ಜೊತೆಯಲ್ಲಿದ್ದ ಅತ್ತೆ, "ಇದೇನ್ ಸಿಸ್ಟ್ರಮ್ಮ, ಲಂಗ ಹೊಲಿಸಿಕೊಡ್ತೀರಾ?" ಎಂದು ನಗುವಳು. "ಅಲ್ಲ ಕಣವ್ವ, ಕುರ್ಚಿಗೆ" ಎಂದು ಸಿಸ್ಟರಮ್ಮ ಟೇಪು ಸುತ್ತಿಕೊಳ್ಳುವರು.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿನಿಂದ ಅವರನ್ನು ಕರೆದವರನ್ನೇ ನಾನು ಕಂಡಿಲ್ಲ. ಸಹಿ ಹಾಕುವಾಗ ಬಿಟ್ಟರೆ ಅವರಿಗೂ ಅದು ನೆನಪಿರುತ್ತಿತ್ತೋ ಇಲ್ಲವೋ. ಗಂಡಸಿ ಹೋಬಳಿಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಆಯಸ್ಸು ಸವೆಸಿದವರು. ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಸುರಿಯರ ಬಿ.ಪಿ., ರಕ್ತ ನೋಡುವುದು, ಹಿಂದಿನ ಕಾಲದಲ್ಲಾದರೆ ಮನೆಯಲ್ಲೇ ಹೆರಿಗೆ ಮಾಡಿಸುವುದು. ಊರಿನವರಿಗೆಲ್ಲ ಅವರು ಸಿಸ್ಟರಮ್ಮ. ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದ ಅವರ ಗಂಡನೂ ಹಾಗೇ ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ಅಭ್ಯಾಸಕ್ಕೆ.

ನಾನು ಅದೇ ಕೆಲಸಕ್ಕೆ ಸೇರಿ ಅವರ ಪಕ್ಕದ ಉಪಕೇಂದ್ರಕ್ಕೆ ಬಂದಾಗ ಅವರ ಸರ್ವೀಸು ಮುಗಿಯುತ್ತಾ ಬಂದಿತ್ತು. ನಾನು ಹಳೇಬೀಡಿನ ಹತ್ತಿರದ ಹುಲಿಕೆರೆಯವಳು, ರಾಗಿ ತೆಂಗು ಬೆಳೆಯುವ ಮನೆಯವಳು. ಮೊದಲ ದಿನ ಅವರು ನನ್ನ ಮುಖಕ್ಕಿಂತ ಮುಂಚೆ ಚಪ್ಪಲಿ ನೋಡಿದರು. ಹಿಂದೆ ಬಕಲು ಇದ್ದ ಹೊಸ ಚಪ್ಪಲಿ.

"ನಾಳೆಯಿಂದ ಇದು ಬೇಡ ಕಣೇ. ದಿನಾ ಎಷ್ಟೊಂದು ಹೊಸ್ತಿಲು ದಾಟ್ಬೇಕು. ಒಂದೊಂದರಲ್ಲೂ ಬಗ್ಗಿ ಬಕಲು ಬಿಚ್ತಾ ಇದ್ರೆ ಮಗು ಅತ್ತು ಮುಗಿಸಿ ನಿದ್ದೆ ಮಾಡಿರ್ತದೆ."

ಎರಡನೆಯ ಪಾಠ ದಾರಿಯಲ್ಲಿ ನಡೆಯುತ್ತಾ ಹೇಳಿದ್ದು. "ಕೂತ್ಕೊಳ್ಳಿ ಅಂದ್ರೆ ಕೂತ್ಕೋ. ಅನ್ನದೆ ಇದ್ರೆ ಎಲ್ಲಿ ಕೂರ್ಲಿ ಅಂತ ಹುಡುಕ್ಬೇಡ. ಮಗು ನೋಡು, ಬಂದುಬಿಡು."

ಆ ಮಾತಿನ ಅರ್ಥ ಆಗಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ನಾವಿಬ್ಬರೂ ಒಟ್ಟಿಗೆ ಹೋದ ಕೆಲವು ಮನೆಗಳಲ್ಲಿ ಒಂದೇ ಕುರ್ಚಿ ಹೊರಗೆ ಬರುತ್ತಿತ್ತು, ಅದೂ ನನ್ನ ಕಡೆಗೆ. ನಾನೂ ನಿಂತೇ ಇರುತ್ತಿದ್ದೆ. ಸಿಸ್ಟರಮ್ಮನದು ಗಂಡಸಿ ಕಡೆಯ ಒಂದು ಊರಿನ ಕೇರಿ. ತಂದೆಯ ಕಾಲದಲ್ಲೇ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಯಾರಾದರೂ ಸುತ್ತಿ ಬಳಸಿ "ನಿಮ್ದು ಯಾವ ಪೈಕಿ?" ಎಂದು ಕೇಳಿದರೆ "ಬೌದ್ಧರು" ಎನ್ನುವರು. ಕೇಳಿದವರು ಸ್ವಲ್ಪ ತಡೆದು, "ಅದಕ್ಕೆ ಮುಂಚೆ?" ಎನ್ನುವರು. "ಅದಕ್ಕೆ ಮುಂಚೆ ನಮ್ಮವ್ವನ ಹೊಟ್ಟೇಲಿದ್ದೆ. ಎಲ್ಲಿ, ಕೈ ಚಾಚಿ, ಬಿ.ಪಿ. ನೋಡಾನ."

ಹಾರನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ದೊಡ್ಡಮನೆಯ ಕಥೆಯನ್ನು ಅವರು ನನಗೆ ಬಸ್ಸಿಗೆ ಕಾಯುತ್ತಾ ಹೇಳಿದ್ದರು. ಆಗ ಅವರು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆ ಮನೆಯ ಸೊಸೆಗೆ ಬೆಳಿಗ್ಗೆ ನೋವು ಶುರುವಾಗಿ, ಗಾಡಿ ಸಿಗದೆ, ಇವರನ್ನು ಕರೆಸಿದರು. ಮಗು ಅಡ್ಡ ತಿರುಗಿತ್ತಂತೆ. ಹೇಗೋ ಸರಿಮಾಡಿ, ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಕೈಗೆ ಬಂತು. ತೊಳೆದು, ಸುತ್ತಿ, ತಾಯಿಯ ಪಕ್ಕ ಮಲಗಿಸಿ ಹೊರಗೆ ಬಂದರು, ಬೆಳಿಗ್ಗೆಯಿಂದ ಒಮ್ಮೆಯೂ ಕೂತಿರಲಿಲ್ಲ. ಮನೆಯ ಯಜಮಾನತಿ, ಸೊಸೆಯ ಅತ್ತೆ, ಜಗಲಿಯ ಕೆಳಗೆ ಒಂದು ಗೋಣಿಚೀಲ ಹಾಸಿದರಂತೆ. ಕಾಫಿ ಬೇರೆ ಲೋಟದಲ್ಲಿ ಬಂತಂತೆ.

"ಕೂತ್ರಾ?" ಎಂದೆ.

"ಗೋಣಿ ಚೆನ್ನಾಗಿತ್ತು ಕಣೇ, ಒಗೆದು ಮಡಗಿದ್ದು. ನಾನೇ ಕೂರ್ಲಿಲ್ಲ. ಕಾಫಿ ನಿಂತ್ಕಂಡೇ ಕುಡ್ದೆ. ಕಾಫಿ ಬಿಡಕ್ಕೆ ಆಗ್ತದಾ, ಬೆಳಿಗ್ಗೆಯಿಂದ ಹೊಟ್ಟೇಲಿ ಏನಿರ್ಲಿಲ್ಲ" ಎಂದು ನಕ್ಕರು. ಬಸ್ಸು ಬಂತು.

ನಿವೃತ್ತಿಯ ದಿನ ಹಾರ ಶಾಲು ಎಲ್ಲ ಮುಗಿದು, ನಾವು ಹುಡುಗಿಯರು "ಇನ್ನು ಮನೇಲಿ ಏನ್ ಮಾಡ್ತೀರ ಸಿಸ್ಟರಮ್ಮ?" ಎಂದು ಕೇಳಿದೆವು.

"ಕೂರ್ತೀನಿ" ಎಂದರು. "ಯಾವುದರ ಮೇಲೆ ಅಂತ ಯೋಚನೆ ಮಾಡ್ತಿದ್ದೀನಿ."

ತಮಾಷೆ ಎಂದುಕೊಂಡೆವು. ಮುಂದಿನ ವಾರ ಅರಸೀಕೆರೆಯಲ್ಲಿ ರೈಲ್ವೆ ಹಳಿಯ ಆಚೆಗಿದ್ದ ಅವರ ಮನೆಗೆ ಹೋದರೆ ಹಿತ್ತಲಿನ ಬೇವಿನ ಮರದ ಕೆಳಗೆ ಗರಗಸ, ಉಳಿಗಳು, ಉಜ್ಜುಗೊರಡು, ಒಂದು ಕೈ ಡ್ರಿಲ್ಲು, ಗೋಡೆಗೆ ಒರಗಿಸಿದ ತೆಂಗಿನ ಕಾಂಡದ ಹಲಗೆಗಳು. ಪಕ್ಕದ ತೋಟದವರು ಕಡಿದು ಹಾಕಿದ್ದ ಮುದಿ ತೆಂಗಿನ ಮರವನ್ನು ಸಾಮಿಲ್ಲಿನಲ್ಲಿ ಸೀಳಿಸಿ ತರಿಸಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಹಳೆಯ ಖಾಕಿ ಅಂಗಿ ಮೇಲೆ ಹಾಕಿಕೊಂಡು, ಫೋನಿನಲ್ಲಿ ಯಾರೋ ಮರಗೆಲಸ ಮಾಡುವ ವಿಡಿಯೋ ನೋಡುತ್ತಿದ್ದರು. ಆತ ಯಾವ ಭಾಷೆಯವನೋ. "ಮಾತು ಬೇಡ, ಕೈ ನೋಡಿದ್ರೆ ಸಾಕು" ಎಂದರು.

ಮೊದಲು ಮಾಡಿದ್ದು ಬೆಂಚು. ಅದರ ಅಂಚಿನಲ್ಲಿ ಮರದ ತೊಗಟೆ ಹಾಗೇ ಬಿಟ್ಟಿದ್ದರು, ಕಾಲುಗಳು ಒಂದೊಂದು ಒಂದೊಂದು ದಪ್ಪ. ನೋಡಲು ಚೆನ್ನಾಗಿಯೇ ಇತ್ತು. ಅದರ ಮೇಲೆ ಮೊದಲು ಕೂತವರು ನಮ್ಮ ಹಳೆಯ ಮೇಲ್ವಿಚಾರಕರು, ಮಗಳ ಮದುವೆಯ ಕರೆಯೋಲೆ ಕೊಡಲು ಬಂದವರು. ಕಾಫಿ ಲೋಟ ಕೈಗೆ ಬಂದ ಮೇಲೆ ಬೆಂಚು, ಹಸು ಮಂಡಿಯೂರಿ ಮಲಗುತ್ತದಲ್ಲ ಹಾಗೆ, ಮುಂದಿನ ಕಾಲು ಮಡಿಸಿ ನಿಧಾನಕ್ಕೆ ನೆಲಕ್ಕೆ ಇಳಿಯಿತು. ಪುಣ್ಯಾತ್ಮರು ಲೋಟ ಮೇಲೆತ್ತಿ ಹಿಡಿದಿದ್ದರಿಂದ ಕಾಫಿ ಮಾತ್ರ ಉಳಿಯಿತು. ಸಿಸ್ಟರಮ್ಮ ಓಡಿ ಹೋಗಿ ಅವರ ನಾಡಿ ಹಿಡಿದರು.

"ಪೆಟ್ಟಾಯ್ತಾ ಸರ್?"

"ಪೆಟ್ಟೇನಿಲ್ಲಮ್ಮ" ಎಂದರು ಅವರು, ಮುಖ ಒಂದು ಥರ ಮಾಡಿ. "ಚುಚ್ತಾ ಐತೆ."

ತೆಂಗಿನ ಮರದ ಸಿಬಿರು ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದನ್ನು ತೆಗೆಯುವ ಕೆಲಸ ಸಿಸ್ಟರಮ್ಮನ ಗಂಡನ ಪಾಲಿಗೆ ಬಂತು. ಬಾಗಿಲು ಹಾಕಿಕೊಂಡು ಒಳಗೆ ಅವರಿಬ್ಬರು, ಹೊರಗೆ ನಾವು ಬಾಯಿಗೆ ಸೆರಗು ತುರುಕಿಕೊಂಡು. ಗಂಡನಿಗೆ ಕಿವಿ ಮಂದ. "ಎಲ್ಲಿ ಸಾರ್? ಇಲ್ಲಾ?" ಎಂದು ಅವರು ಗಟ್ಟಿಯಾಗಿ ಕೇಳುತ್ತಿದ್ದುದು ಬೀದಿಗೆಲ್ಲ ಕೇಳಿಸುತ್ತಿತ್ತು.

ಆ ಬೆಂಚು ಬಿದ್ದದ್ದೇ ಒಳ್ಳೆಯದಾಯಿತು. ಹಸಿ ಮರಕ್ಕೆ ಮೊಳೆ ಹೊಡೆದರೆ ಮರ ಒಣಗಿದ ಮೇಲೆ ಮೊಳೆ ಸಡಿಲವಾಗುತ್ತದೆ ಎಂದು ಅವರಿಗೆ ತಿಳಿದದ್ದು ಹಾಗೆ. ಬೇಲೂರಿನ ಹತ್ತಿರ ಎತ್ತಿನ ಗಾಡಿ ಮಾಡುತ್ತಿದ್ದ ಮುದುಕರೊಬ್ಬರಿದ್ದರು. ಸಿಸ್ಟರಮ್ಮ ಬಸ್ಸು ಹತ್ತಿ ಹೋಗಿ ಅವರ ಮುಂದೆ ನಿಂತರು. ಹೆಂಗಸು, ಅದೂ ಪಿಂಚಣಿ ಬರುವವರು, ಕುರ್ಚಿ ಮಾಡುವುದು ಕಲಿಯಬೇಕು ಅಂದಾಗ ಆಚಾರಿಗೆ ನಗು ಬಂತಂತೆ. ನಕ್ಕರೂ ಕಲಿಸಿದರು. ಕಾಲಿನ ತುದಿಯನ್ನು ಸಣ್ಣಗೆ ಕೆತ್ತಿ, ಹಲಗೆಯ ತೂತಿಗೆ ಕೂರಿಸಿ, ಮೇಲಿನಿಂದ ಬೆಣೆ ಹೊಡೆಯುವುದು. ಒಂದು ಮೊಳೆಯೂ ಇಲ್ಲ. ಸಿಸ್ಟರಮ್ಮ ಬದಲಿಗೆ ಆಚಾರಿಯ ಸಕ್ಕರೆ ಕಾಯಿಲೆಗೆ ಊಟದ ಪಥ್ಯ ಹೇಳಿಕೊಟ್ಟರು. "ನನ್ನ ಬೆಣೆ ಅವರು ಸರಿಮಾಡಿದ್ರು. ಅವರ ಅನ್ನ ನಾನು ಕಮ್ಮಿ ಮಾಡಿಸ್ದೆ. ಅವರಿಗೇ ಕಷ್ಟ ಆಗಿದ್ದು" ಎನ್ನುತ್ತಿದ್ದರು.

ಇನ್ನು ಎಣ್ಣೆಯ ಪಾಡು. ವಾರ್ನಿಷ್ ವಾಸನೆ ಅವರಿಗೆ ಆಗದು. ತೆಂಗಿನ ನಾಡಿನವರಲ್ಲವೇ, ಎರಡನೆಯ ಬೆಂಚಿಗೆ ಕೊಬ್ಬರಿ ಎಣ್ಣೆ ಚೆನ್ನಾಗಿ ತಿಕ್ಕಿ, ಮಿರಮಿರ ಮಾಡಿ, ಬಿಸಿಲಿಗೆ ಇಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಅರಸೀಕೆರೆಯ ಇರುವೆಯೆಲ್ಲ ಅದರ ಮೇಲೆ. ಗಂಡ ಕಾಫಿ ಹಿಡಿದು ಬಂದು ನೋಡಿ, "ಇವರಿಗೂ ಕುರ್ಚಿ ಮಾಡಿದ್ಯಾ ಸಿಸ್ಟರಮ್ಮ?" ಎಂದರಂತೆ. ಆಮೇಲೆ ಅಗಸೆ ಎಣ್ಣೆಗೆ ಜೇನುಮೇಣ ಕರಗಿಸಿ ಹಚ್ಚುವುದು ರೂಢಿಯಾಯಿತು. ಹಚ್ಚಿದ ಬಟ್ಟೆಯನ್ನು ಮುದುರಿ ಬಿಸಾಡುವಂತಿಲ್ಲ, ತಾನೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಒಂದೊಂದನ್ನೂ ತಂತಿಯ ಮೇಲೆ ಹರಡಿ ಒಣಗಿಸುವರು. ಎದುರುಮನೆಯಾಕೆ ಅದನ್ನು ನೋಡಿ, "ಇಷ್ಟು ಕೊಳೆ ಬಟ್ಟೆ ಒಗೆದ ಮೇಲೂ ಹಿಂಗೇ ಇದಾವಲ್ಲ ಪಾಪ" ಎಂದು ಒಂದು ಸೋಪು ತಂದುಕೊಟ್ಟಿದ್ದರು.

ಬಾಣಂತಿ ಕುರ್ಚಿಯ ಯೋಚನೆ ಬಂದದ್ದು ನನ್ನಿಂದ. ನಾನು ಹೆರಿಗೆಗೆ ಹುಲಿಕೆರೆಗೆ ಹೋಗಿದ್ದೆ. ಊರಿನ ಹೆಂಗಸರಿಗೆಲ್ಲ ಹಾಲು ಕುಡಿಸುವುದು ಹೇಗೆಂದು ಹೇಳಿಕೊಟ್ಟವಳು ನಾನು. ನನ್ನ ಮಗ ನನ್ನ ಎದೆಗೆ ಬಾಯಿ ಹಾಕಲೊಲ್ಲ. ಮಂಚದ ಮೇಲೆ ಕೂತರೆ ಕಾಲು ನೇತಾಡುತ್ತದೆ, ನೆಲದಲ್ಲಿ ಕೂತರೆ ಬೆನ್ನು ಮುರಿಯುತ್ತದೆ, ಪ್ಲಾಸ್ಟಿಕ್ ಕುರ್ಚಿಯ ಕೈ ಮೊಣಕೈಗೆ ಒತ್ತುತ್ತದೆ. ಅವನು ಅಳುತ್ತಿದ್ದ, ನಾನೂ ಅಳುತ್ತಿದ್ದೆ. ನನ್ನ ಅಮ್ಮ ಡಬ್ಬಿ ಹಾಲಿನ ಮಾತೆತ್ತಿದ್ದಳು. ಫೋನಿನಲ್ಲಿ ಸಿಸ್ಟರಮ್ಮನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ನೀನು ಕೂತಾಗ ನಿನ್ನ ಮೊಣಕೈ ಎಲ್ಲಿಗೆ ಬತ್ತದೆ?"

ಕೆಲವು ದಿನ ಬಿಟ್ಟು ಅವರೂ ಗಂಡನೂ ಲಗೇಜ್ ಆಟೋದಲ್ಲಿ ಬಂದಿಳಿದರು. ಆಟೋದಲ್ಲಿ ಒಂದು ಕುರ್ಚಿ. ಅಂಥ ಕುರ್ಚಿಯನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ತೀರಾ ತಗ್ಗು, ಮಣೆಗಿಂತ ಸ್ವಲ್ಪ ಎತ್ತರ. ಅಗಲವಾದ ಹಲಸಿನ ಹಲಗೆ, ನಡುವೆ ಚೂರು ತಗ್ಗು ಮಾಡಿ ಉಜ್ಜಿದ್ದು. ಕಾಲುಗಳು ಕಾಫಿ ಗಿಡದ ಬೊಡ್ಡೆ, ಗಂಟುಗಂಟಾಗಿ. ಕೈಗಳು ಮಾತ್ರ ಎರಡು ಸೊಟ್ಟ ಕೊಂಬೆ, ಮಗುವನ್ನು ಎತ್ತಿಕೊಂಡಾಗ ನಮ್ಮ ತೋಳು ಹೇಗೆ ಬಾಗುತ್ತದೋ ಹಾಗೇ ಬಾಗಿದ್ದವು.

"ಇದೇನಮ್ಮ ಸೊಟ್ಟ?" ಎಂದಳು ನನ್ನ ಅಮ್ಮ.

"ತಾಯಿ ಕೈ ನೆಟ್ಟಗಿರ್ತದಾ ಅಮ್ಮ?" ಎಂದರು ಸಿಸ್ಟರಮ್ಮ.

ಕೂತೆ. ಎರಡೂ ಪಾದ ನೆಲಕ್ಕೆ ಊರಿದವು. ಬೆನ್ನು ತಾನೇ ಹಿಂದಕ್ಕೆ ಹೋಯಿತು. ಎಡ ಮೊಣಕೈ ಆ ಕೊಂಬೆಯ ಬಾಗಿಗೆ ಹೋಗಿ ಕೂತಿತು. ಸಿಸ್ಟರಮ್ಮ ಮಗುವಿನ ತಲೆ ಹಿಡಿದು ಒಂದು ಸಲ ತಿರುಗಿಸಿದರು. ಅವನು ಬಾಯಿ ಹಾಕಿದ. ಆಮೇಲೆ ನನಗೆ ಅಳು ಬಂತು. ಸಿಸ್ಟರಮ್ಮ ನನ್ನ ಕಡೆ ನೋಡಲಿಲ್ಲ. ಕುರ್ಚಿಯ ಹಿಂದೆ ಮಂಡಿಯೂರಿ ಬೆಣೆ ಸಡಿಲವಾಗಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡುತ್ತಿದ್ದರು.

ಅಲ್ಲಿಂದ ಅವರು ಬೇರೆ ಏನನ್ನೂ ಮಾಡಲಿಲ್ಲ. ಬೇಲೂರು ಕಡೆಯ ತೋಟಗಳಿಂದ ಕಿತ್ತ ಕಾಫಿ ಬೊಡ್ಡೆ ಬರುವುದು. ಹಲಸು, ಬೇವು, ಹಳೆಯ ಬಾಗಿಲು, ಸಿಕ್ಕಿದ್ದು. ಸಾಮಿಲ್ಲಿನವನು ಸೊಟ್ಟ ಕೊಂಬೆಗಳನ್ನು ಸೌದೆಗೆ ಹಾಕದೆ ಒಂದು ಮೂಲೆಯಲ್ಲಿ ಇವರಿಗೆಂದು ಎತ್ತಿಡುತ್ತಿದ್ದ. ಕೊಂಬೆಯನ್ನು ತಮ್ಮ ತೋಳಿನ ಪಕ್ಕ ಹಿಡಿದು, ಇಲ್ಲದ ಮಗುವನ್ನು ಎತ್ತಿಕೊಂಡು ನೋಡಿ ಆರಿಸುವರು. ತಮ್ಮ ಕೈಯಲ್ಲಿ ಹುಟ್ಟಿದ ಹುಡುಗಿಯರು ಈಗ ತಾಯಂದಿರಾಗುತ್ತಿದ್ದರಲ್ಲ, ಅವರಿಗೆ ಮೊದಲು. ಮಾರುತ್ತಿರಲಿಲ್ಲ. ಒಂದೇ ಷರತ್ತು: ಮಗು ನಡೆಯಲು ಕಲಿತ ಮೇಲೆ ಕುರ್ಚಿ ಅದೇ ಊರಿನ ಇನ್ನೊಬ್ಬ ಬಾಣಂತಿಗೆ ಹೋಗಬೇಕು, ಯಾರೇ ಆಗಿರಲಿ.

ಈ "ಯಾರೇ ಆಗಿರಲಿ" ಎಂಬುದು ಒಂದು ಕಡೆ ತೊಡಕಾಯಿತು. ಅದೇ ದೊಡ್ಡಮನೆ.

ಅಂದು ಅಡ್ಡ ತಿರುಗಿದ್ದ ಆ ಹೆಣ್ಣು ಮಗುವೇ ರಶ್ಮಿ. ಓದಿ, ಮದುವೆಯಾಗಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹಾಸನದಲ್ಲಿ ಆಪರೇಷನ್ ಆಗಿ ಹೆಣ್ಣು ಮಗು. ಆ ಊರು ಈಗ ನನ್ನ ಉಪಕೇಂದ್ರಕ್ಕೆ ಸೇರಿತ್ತು. ನನಗೆ ಫೋನು ಮಾಡಿ, "ಅಕ್ಕ, ಮಗು ಹಾಲು ಕುಡೀತಿಲ್ಲ, ಸಿಸ್ಟರಮ್ಮನ್ನ ಕರ್ಕೊಂಡು ಬರ್ತೀರಾ?" ಎಂದಳು. ಸಿಸ್ಟರಮ್ಮ ಚೀಲ ಹಿಡಿದು ಹೊರಟರು.

ರಶ್ಮಿಯ ಅಪ್ಪ ಅರಸೀಕೆರೆಯಿಂದ ಮೆತ್ತನೆಯ ದೊಡ್ಡ ಸೋಫಾ ಕುರ್ಚಿ ತಂದಿದ್ದರು. ಅದರಲ್ಲಿ ಹುಡುಗಿ ಮುಳುಗಿಹೋಗಿದ್ದಳು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ, ಬಗ್ಗಿದರೆ ಹೊಲಿಗೆ ನೋಯುತ್ತಿತ್ತು. ಸಿಸ್ಟರಮ್ಮ ನೆಲದ ಮೇಲೆ ಕೂತು, ಅವಳ ಕಾಲ ಕೆಳಗೆ ಮಣೆ ಕೊಟ್ಟು, ಸೊಂಟಕ್ಕೆ ದಿಂಬು ಕೊಟ್ಟು, ಬಹಳ ಹೊತ್ತು ತಾಳ್ಮೆಯಿಂದ ಒದ್ದಾಡಿದರು. ಮಗು ಸ್ವಲ್ಪ ಕುಡಿಯಿತು. ಆದರೆ ದಿನವಿಡೀ ಹೀಗೆ ಹಿಡಿದುಕೊಳ್ಳುವವರು ಯಾರು?

"ನಂಗೂ ಆ ಕುರ್ಚಿ ಮಾಡಿಕೊಡಿ ಸಿಸ್ಟರಮ್ಮ" ಎಂದಳು ರಶ್ಮಿ.

"ಮಾಡಬೋದು ಕಣವ್ವ. ಈಗಿರೋ ಮರ ಹಸಿ ಐತೆ. ಒಣಗೋ ಹೊತ್ಗೆ ನಿನ್ನ ಮಗಳು ಅಂಬೆಗಾಲು ಇಡ್ತಾಳೆ. ನಿಮ್ಮೂರಲ್ಲೇ ಒಂದು ಐತಲ್ಲ, ಕೇರಿ ಮಂಜುಳನ ಮನೇಲಿ. ಅವಳ ಮಗ ಈಗ ಓಡಾಡ್ತಾನೆ. ಇನ್ನು ನಿನ್ನ ಸರದಿ."

ರಶ್ಮಿಯ ಅಮ್ಮ ತಲೆ ತಗ್ಗಿಸಿ ಬಟ್ಟೆ ಮಡಿಸತೊಡಗಿದರು. ಬಾಗಿಲ ಬಳಿ ಕೋಲು ಹಿಡಿದು ಕೂತಿದ್ದವರು ಅಜ್ಜಿ, ಅಂದು ಗೋಣಿ ಹಾಸಿದ ಯಜಮಾನತಿ. "ಅಲ್ಲಿಂದ ಒಳಕ್ಕೆ ಹೆಂಗವ್ವ ತರಾದು?" ಎಂದರು.

"ಬಾಗಿಲು ಅಗಲ ಐತಲ್ಲ ಅವ್ವ. ಹಿಡೀತದೆ" ಎಂದು ಸಿಸ್ಟರಮ್ಮ ಎದ್ದರು.

ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಏನೇನೋ ಅಂದೆ. ಹಾರನಹಳ್ಳಿ ದಾಟಿದ ಮೇಲೆ ಅವರು ಹೇಳಿದರು: "ನನ್ನ ಕೈಯಿಂದ ನೇರ ಹೋದ್ರೆ ಆಗ್ತದೆ ನೋಡು ಅವರಿಗೆ. ನನಗೆ ಸಂಬಳ ಬತ್ತಿತ್ತು, ಈಗ ಪಿಂಚಣಿ ಬತ್ತದೆ, ನಾನು ಸಿಸ್ಟರಮ್ಮ. ಮಂಜುಳ ಕೂತಿದ್ದು ಆಗಲ್ಲ." ಆಮೇಲೆ, "ಮಗು ಚೂರು ಕುಡೀತಲ್ಲ, ಬಿಡು" ಎಂದರು. ಆದರೆ ಇಳಿಯುವಾಗ ಅವರ ಮುಖ ನೋಡಿ ನನಗೆ ಅವರು ಏನನ್ನೂ ಬಿಟ್ಟಿಲ್ಲ ಅನ್ನಿಸಿತು. ನಾಳೆಯೇ ಬೇವಿನ ಹಲಗೆಯನ್ನಾದರೂ ಹಿಡಿದು ಏನಾದರೂ ಮಾಡಲೇ ಎಂದು ಮನೆಗೆ ಹೋಗಿ ಗಂಡನನ್ನು ಕೇಳಿದರಂತೆ. ತಪ್ಪು ದೊಡ್ಡವರದು, ಹಸಿವು ಮಗುವಿನದು. ಸಿಸ್ಟರಮ್ಮನಿಗೆ ನಿದ್ದೆ ಇರಲಿಲ್ಲ. ಗಂಡ, "ಹಸಿ ಮರದಲ್ಲಿ ಮಾಡಿದ್ರೆ ಕುರ್ಚಿ ಬೀಳ್ತದೆ, ತಾಯಿ ಮಗು ಇಬ್ರೂ ಬೀಳ್ತಾರೆ" ಎಂದದ್ದರಿಂದ ಸುಮ್ಮನಾದರು. ಬದಲಿಗೆ ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಆ ಹುಡುಗಿಗೆ ದಿಂಬು ಕೊಟ್ಟು ಕೂರಿಸಿ ಬರುತ್ತಿದ್ದರು. ಕುರ್ಚಿಯ ಮಾತು ಮತ್ತೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ನಾನು ಚುಚ್ಚುಮದ್ದಿನ ಡಬ್ಬಿ ಹಿಡಿದು ಆ ಊರಿನ ಕೇರಿಗೆ ಹೋದೆ. ಮಂಜುಳನ ಮನೆಯ ಮುಂದೆ ನಾಲ್ಕು ಜನ ಹೆಂಗಸರು ಗುಂಪಾಗಿ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಜಗಲಿಯ ಮೇಲೆ ಬಾಣಂತಿ ಕುರ್ಚಿ, ಅದರಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ರಶ್ಮಿ. ಮಗು ಕುಡಿಯುತ್ತಿತ್ತು. ಮಂಜುಳ ಪಕ್ಕದಲ್ಲಿ ಮಂಡಿಯೂರಿ, "ಹಿಂದಕ್ಕೆ ಒರಗಿ ಅಕ್ಕ, ಹೆದರ್ಕಬೇಡಿ, ಗಟ್ಟಿ ಐತೆ" ಎನ್ನುತ್ತಿದ್ದಳು.

"ಯಾರ ಜೊತೆ ಬಂದೆ?" ಎಂದೆ ಗಾಬರಿಯಿಂದ.

"ನಡ್ಕೊಂಡು ಬಂದೆ. ಅಮ್ಮ ಮಗೂನ ಎತ್ಕೊಂಡಿದ್ರು" ಎಂದಳು. ಅವಳ ಅಮ್ಮ ಅಲ್ಲೇ ಕಂಬದ ಮರೆಯಲ್ಲಿ ನಿಂತಿದ್ದರು. "ಅಜ್ಜಿ ಕುರ್ಚಿ ಒಳಗೆ ತರಲ್ಲ ಅಂದ್ರು. ನಾನು ಆಚೆ ಬರ್ತೀನಿ ಅಂದೆ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕೋಲಿನ ಸದ್ದು. ಅಜ್ಜಿ. ಏದುಸಿರು ಬಿಡುತ್ತಾ ಬಂದು, ಜಗಲಿಯ ಕೆಳಗೆ ನಿಂತು, "ಏನೇ ಇದು! ಹಸಿ ಬಾಣಂತಿ ಬೀದಿಗೆ ಬಂದಿದೀಯಲ್ಲೇ!" ಎಂದರು.

ರಶ್ಮಿ ತುಟಿಯ ಮೇಲೆ ಬೆರಳಿಟ್ಟಳು. "ಮೆತ್ತಗೆ ಅಜ್ಜಿ. ಕುಡೀತಾ ಇದೆ."

ಅಜ್ಜಿ ಮಗುವನ್ನು ನೋಡಿದರು. ಗಂಟಲು ಗುಟುಕರಿಸುತ್ತಿದ್ದುದು ಅಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು. ಮಂಜುಳನ ಅತ್ತೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಇಟ್ಟಳು. "ಕುಂತ್ಕಳಿ ದೊಡ್ಡವ್ವ. ಬಿಸಿಲಲ್ಲಿ ನಡ್ಕಂಡ್ ಬಂದಿದೀರ."

ಮುದುಕಿ ಬಹಳ ಹೊತ್ತು ನಿಂತೇ ಇದ್ದರು. ಯಾರೂ ಎರಡನೆಯ ಸಲ ಕೂರಿ ಎನ್ನಲಿಲ್ಲ, ಯಾರೂ ಕುರ್ಚಿಯನ್ನು ಒಳಗೂ ಒಯ್ಯಲಿಲ್ಲ. ಕೊನೆಗೆ ಅವರು ಕೂತರು. ಅವರ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ, ಕಾಲು ಸೋತಿರಬಹುದು. ಕೂತು ಸ್ವಲ್ಪ ಹೊತ್ತಾದ ಮೇಲೆ, "ಕತ್ತು ಸರಿಯಾಗಿ ಹಿಡ್ಕಳೇ" ಎಂದು ಮೊಮ್ಮಗಳನ್ನು ಗದರಿಸಿದರು. ಮಂಜುಳ ನೀರು ತಂದಳು. ಅಜ್ಜಿ ಲೋಟ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಕುಡಿದರೋ ಇಲ್ಲವೋ ನಾನು ನೋಡಲಿಲ್ಲ, ಇನ್ನೊಂದು ಮಗುವಿಗೆ ಚುಚ್ಚುಮದ್ದು ಹಾಕುತ್ತಿದ್ದೆ.

ಬಿಸಿಲು ಏರಿದ ಮೇಲೆ ಕುರ್ಚಿಯ ಒಂದು ಕಡೆ ಮಂಜುಳ, ಇನ್ನೊಂದು ಕಡೆ ರಶ್ಮಿಯ ಅಮ್ಮ ಹಿಡಿದುಕೊಂಡು ದೊಡ್ಡಮನೆಗೆ ಹೊರಟರು. ಅಜ್ಜಿಯ ಜೊತೆ ನಾನೂ ಹಿಂದೆ ಹೋದೆ, ದೊಡ್ಡಮನೆಯ ಅಂಗಳದಿಂದಲೇ ಸಿಸ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಮುಂದಿನ ಬಾಗ್ಲಲ್ಲೋ, ಹಿತ್ತಲ ಬಾಗ್ಲಲ್ಲೋ?" ಎಂದರು.

"ಮುಂದಿನ ಬಾಗ್ಲಲ್ಲೇ. ಮಂಜುಳಾನೂ ಒಳಗೆ ಹೋದ್ಲು. ಕುರ್ಚಿ ಇಳಿಸ್ಬೇಕಿತ್ತಲ್ಲ."

"ಕೇಳಿಸ್ತಾ ಸಿಸ್ಟರಮ್ಮ?" ಎಂದೆ.

"ಕೇಳಿಸ್ತು" ಎಂದರು. "ಬಲಗಡೆ ಕೈ ಸಡಿಲ ಆಗಿರ್ಬೇಕು, ಮಂಜುಳನ ಮಗ ಅದರ ಮೇಲೆ ಕುದುರೆ ಆಡ್ತಿದ್ದ. ಒಂಚೂರು ನೋಡಿ ಬಾ."

ಅದಾಗಿ ಕೆಲವೇ ತಿಂಗಳು ಅವರು ಇದ್ದದ್ದು. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಾ ಕುಸಿದರು. ಹಾಸನಕ್ಕೆ ಒಯ್ದರು, ಹೃದಯ ಎಂದರು, ಮನೆಗೆ ಹೆಣ ಬಂತು. ಬುದ್ಧವಂದನೆ ಹೇಳುವಾಗ ಅಂಗಳ, ಬೀದಿ, ರೈಲ್ವೆ ಹಳಿಯ ಪಕ್ಕದವರೆಗೂ ಹೆಂಗಸರು ನಿಂತಿದ್ದರು, ಸೊಂಟದಲ್ಲಿ ಮಕ್ಕಳು. ಎಲ್ಲಿ ಕೂರುವುದು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನೆಲದ ಮೇಲೆ ಒತ್ತೊತ್ತಾಗಿ ಕೂತುಬಿಟ್ಟರು. ರಶ್ಮಿ ಬಂದಿದ್ದಳು, ಮಂಜುಳ ಬಂದಿದ್ದಳು. ಅಜ್ಜಿ ಬರಲಿಲ್ಲ.

ತಿಂಗಳಾದ ಮೇಲೆ ಅವರ ಗಂಡ ಫೋನು ಮಾಡಿದರು. "ಒಂದು ಕುರ್ಚಿ ಉಳಿದದೆಯಮ್ಮ. ಗಂಡಸಿ ಹುಡುಗಿಗೆ ಅಂತ ಜೋಡಿಸಿದ್ಲು. ಎಣ್ಣೆ ಹಚ್ಚಿಲ್ಲ. ಆ ಹುಡುಗಿಗೆ ಹೆರಿಗೆ ಆಯ್ತಂತೆ. ನಂಗೆ ಎಷ್ಟು ಮೇಣ ಹಾಕ್ಬೇಕು ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಅಗಸೆ ಎಣ್ಣೆ, ಮೇಣ, ಸ್ಯಾಂಡ್‌ಪೇಪರು, ಹಳೆಯ ಬಟ್ಟೆ ಎಲ್ಲ ತುಂಬಿಕೊಂಡು ಲಗೇಜ್ ಆಟೋದಲ್ಲಿ ಗಂಡಸಿಗೆ ಹೋದೆವು. ಆ ಮನೆಯ ಅಂಗಳದಲ್ಲೇ ಕುರ್ಚಿ ಇಳಿಸಿ, ಹುಡುಗಿಯ ಅಮ್ಮ, ಅತ್ತಿಗೆ, ನಾನು, ಸಿಸ್ಟರಮ್ಮನ ಗಂಡ ನಾಲ್ಕೂ ಜನ ಸುತ್ತ ಕೂತು ಉಜ್ಜಿದೆವು, ಎಣ್ಣೆ ತಿಕ್ಕಿದೆವು. ಒಣ ಮರ ಎಣ್ಣೆ ಕುಡಿದು ಬಣ್ಣ ಗಾಢವಾಗುತ್ತಿತ್ತು, ಹಲಸಿನ ಹಳದಿ ಏಳುತ್ತಿತ್ತು, ಗಂಟುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಅವರು ಬಲಗೈ ಕೊಂಬೆಯನ್ನೇ ತಿಕ್ಕುತ್ತಿದ್ದರು, ತಿಕ್ಕಿದ್ದನ್ನೇ ಮತ್ತೆ ಮತ್ತೆ. ಹೆಂಡತಿ ಹೋದ ಮೇಲೆ ಅವರ ಕಿವಿ ಇನ್ನಷ್ಟು ಮಂದವಾಗಿತ್ತು.

ಒಳಗೆ ಮಗು ಎದ್ದು ಚೀರತೊಡಗಿತು. ಹುಡುಗಿ ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಕೂದಲು ಕೆದರಿತ್ತು, ಕಣ್ಣ ಕೆಳಗೆ ಕಪ್ಪು. ಕುರ್ಚಿ ನೋಡಿದಳು.

"ಇನ್ನೂ ಹಸಿ ಐತೆ ಕಣೇ, ಮುಟ್ಬೇಡ" ಎಂದಳು ಅವಳ ಅಮ್ಮ. "ನಾಲ್ಕು ದಿನ ಒಣಗ್ಬೇಕಂತೆ."

"ಇವಳಿಗೆ ಹೇಳು ಅದ್ನ" ಎಂದು ಹುಡುಗಿ ಮೆಟ್ಟಿಲಿಳಿದು ಬಂದು, ಎಣ್ಣೆ ಜಿನುಗುತ್ತಿದ್ದ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟಳು. ನೈಟಿಯ ಹಿಂಭಾಗವೆಲ್ಲ ಎಣ್ಣೆಯಾಯಿತು. ಮೊಣಕೈ ಕೊಂಬೆಗೆ ಒರಗಿತು, ಪಾದ ನೆಲಕ್ಕೆ ಊರಿತು, ಚೀರಾಟ ನಿಂತಿತು.

ಎಣ್ಣೆ ಬಟ್ಟೆ ಕೈಯಲ್ಲಿ ಹಿಡಿದೇ ಕೂತಿದ್ದ ಸಿಸ್ಟರಮ್ಮನ ಗಂಡ ತಲೆಯೆತ್ತಿ ನನ್ನನ್ನು ಕೇಳಿದರು: "ಯಾಕಮ್ಮ ಎಲ್ಲ ಸುಮ್ಮನಾಗ್ಬಿಟ್ರಿ?"

"ಕುಡೀತಾ ಇದೆ" ಎಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.